ಡಾಕ್ಟರು ಅಷ್ಟು ಹೊತ್ತು ಮಾತಾಡಿದರು

"ಡಾಕ್ಟರು ಅಷ್ಟು ಹೊತ್ತು ಮಾತಾಡಿದರು, ನೀನು ಇಷ್ಟೇ ಹೇಳಿದೆಯಲ್ಲ?"

ಮಂಗಳವಾರ ಆಸ್ಪತ್ರೆಯಲ್ಲಿ ಚಿಕ್ಕಮ್ಮ ಕೈಸನ್ನೆಯಲ್ಲಿ ಕೇಳಿದ್ದು ಇದು. ಅವರಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಸಕ್ಕರೆ ಕಾಯಿಲೆ ಬಂದು ಎಂಟು ತಿಂಗಳಾಯಿತು. ಡಾಕ್ಟರು ಐದು ನಿಮಿಷ ನನ್ನ ಮುಖ ನೋಡಿಕೊಂಡೇ ಮಾತಾಡಿದರು. "ಇವರು ಮಾತ್ರೆ ಸರಿಯಾಗಿ ತಗೋತಿದ್ದಾರಾ?" ಅಂತ ಕೇಳಿದ್ದೂ ನನ್ನನ್ನೇ. ನಾನು ಚಿಕ್ಕಮ್ಮನ ಕಡೆ ತಿರುಗಿ ಹೇಳಿದ್ದು ಇಷ್ಟು: ಸಕ್ಕರೆ ಜಾಸ್ತಿ, ಮಾತ್ರೆ ನುಂಗು. ನನಗೆ ಬರುವುದು ಮನೆಯ ಸನ್ನೆ ಮಾತ್ರ, ಅದರಲ್ಲಿ ಅಷ್ಟೇ ಹೇಳಲು ಆಗುವುದು.

ಡಾಕ್ಟರು ಕೆಟ್ಟವರಲ್ಲ. ಹೊರಗೆ ಜನ ಕಾಯುತ್ತಿದ್ದರು. ಆದರೂ ಕಾಯಿಲೆ ಇರುವವರ ಕಡೆ ಒಮ್ಮೆ ನೋಡಬಹುದಿತ್ತು. ಕೊನೆಗೆ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಟ್ಟರು. ಬರೆದುಕೊಟ್ಟರೆ ಸಾಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಚಿಕ್ಕಮ್ಮ ಓದಿದ ಶಾಲೆಯಲ್ಲಿ ಕೈ ಆಡಿಸಿದರೆ ಏಟು ಬೀಳುತ್ತಿತ್ತು, ತುಟಿ ನೋಡಿ ಕಲಿಯಬೇಕಿತ್ತು. ಕೇಳದ ಭಾಷೆಯನ್ನು ತುಟಿ ನೋಡಿ ಎಷ್ಟು ಕಲಿಯಲು ಆಗುತ್ತದೆ? ಕನ್ನಡ ಅವರಿಗೆ ಈಗಲೂ ಕಷ್ಟ. ಹಾಗಾಗಿ ಮಾತನ್ನು ಅಕ್ಷರ ಮಾಡಿ ತೋರಿಸುವ ಆ್ಯಪ್ ಕೂಡ ಅವರಿಗೆ ಅರ್ಧ ಮಾತ್ರ ಉಪಯೋಗ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಷ್ಟು ಹೊತ್ತು, ಇಷ್ಟೇ. ಎಷ್ಟು ಮದುವೆ ಮಾತುಕತೆ, ಎಷ್ಟು ಸಾವಿನ ಸುದ್ದಿ, ಎಲ್ಲವನ್ನೂ ನಾವು ಅವರಿಗೆ ಎರಡು ಸನ್ನೆಯಲ್ಲಿ ಮುಗಿಸಿದ್ದೇವೆ.

ಎದ್ದು ಕೂತು ಭಾರತೀಯ ಸನ್ನೆ ಭಾಷೆಯ ನಿಘಂಟಿನ ವಿಡಿಯೋಗಳನ್ನು ನೋಡಿದೆ. ದೆಹಲಿಯ ಸನ್ನೆ ಭಾಷೆ ಸಂಶೋಧನಾ ಕೇಂದ್ರ 2018ರಲ್ಲಿ 3,000 ಪದಗಳಿಂದ ಶುರು ಮಾಡಿದ ನಿಘಂಟು, 2021ಕ್ಕೆ 10,000 ಪದ ಆಗಿದೆ. ಶಾಲಾ ಪುಸ್ತಕ ತಯಾರಿಸುವ ಕೇಂದ್ರ ಸಂಸ್ಥೆ ಎನ್‌ಸಿಇಆರ್‌ಟಿಯ ಪಠ್ಯಗಳನ್ನು ಸನ್ನೆ ಭಾಷೆಗೆ ತರಲು 2020ರಲ್ಲಿ ಒಪ್ಪಂದವೂ ಆಯಿತು. ಚಿಕ್ಕಮ್ಮ ಶಾಲೆಗೆ ಹೋಗುವಾಗ ಇದರಲ್ಲಿ ಒಂದು ಪಾಠ ಇದ್ದಿದ್ದರೂ ಸಾಕಿತ್ತು ಅನ್ನಿಸಿತು. ಆದರೆ ಪದ ಕಲಿತ ಮಾತ್ರಕ್ಕೆ ಮಾತು ಬರಲ್ಲ ಅಲ್ವಾ? ಹುಬ್ಬು, ಮುಖ, ಭುಜ ಎಲ್ಲ ಸೇರಿದರೇನೇ ಅದು ಭಾಷೆ. ಸನ್ನೆಯನ್ನು ಮಾತಾಗಿ ಬದಲಿಸಲು ಕೈ ಬೆರಳನ್ನಷ್ಟೇ ಓದುವ ಗ್ಲೌಸ್ ಬಗ್ಗೆ ಸುದ್ದಿ ಬಂದಾಗಲೆಲ್ಲ ಹಿಗ್ಗುತ್ತಿದ್ದೆ, ಅದು ಮುಖ ನೋಡಲ್ಲ ಅಂತ ಈಗ ಹೊಳೆಯಿತು.

ಗುರುವಾರ ಮತ್ತೆ ಹೋದೆವು. ಚಿಕ್ಕಮ್ಮನ ಗೆಳತಿಯ ಮಗಳು ಬೆಂಗಳೂರಲ್ಲಿದ್ದಾರೆ. ಅಪ್ಪ ಅಮ್ಮ ಇಬ್ಬರೂ ಕಿವುಡರು, ಹಾಗಾಗಿ ಸನ್ನೆ ಭಾಷೆಯಲ್ಲೇ ಬೆಳೆದವರು. ಅವರಿಗೆ ವಿಡಿಯೋ ಕಾಲ್ ಮಾಡಿ, ಮೊಬೈಲನ್ನು ಡಾಕ್ಟರ ಮೇಜಿನ ಮೇಲೆ ನೀರಿನ ಬಾಟಲಿಗೆ ಒರಗಿಸಿಟ್ಟೆ. ನೆಟ್‌ವರ್ಕ್ ಎರಡು ಸಲ ನಿಂತಿತು. ಆದರೂ ಚಿಕ್ಕಮ್ಮನ ಕೈ ನಿಲ್ಲಲೇ ಇಲ್ಲ. ಅಮ್ಮನಿಗೆ ಇದೇ ಕಾಯಿಲೆಯಲ್ಲಿ ಕಣ್ಣು ಹೋಯಿತು, ನನ್ನದೂ ಹೋಗುತ್ತಾ? ಕಾಲು ಉರಿಯುವುದು ಇದಕ್ಕೇನಾ? ಇವರ ಕಾಲು ಉರಿಯುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಬೇಕಾದ ಮಾತ್ರೆಯನ್ನು ಅವರು ಎಂಟು ತಿಂಗಳಿಂದ ಊಟ ಆದಮೇಲೆ ನುಂಗುತ್ತಿದ್ದರು. ನಾನು ಹೇಳಿಕೊಟ್ಟ ಸನ್ನೆ "ಊಟ, ಮಾತ್ರೆ" ಅಂತ. ಅವರು ನಾನು ಹೇಳಿದ ಹಾಗೇ ಮಾಡಿದ್ದರು.

ಈ ಸಲ ಡಾಕ್ಟರು ಚಿಕ್ಕಮ್ಮನನ್ನೇ ನೋಡಿ ಉತ್ತರ ಕೊಟ್ಟರು. ಮೂರು ತಿಂಗಳ ನಂತರ ಮತ್ತೆ ಹೋಗಬೇಕು. ನಿನ್ನೆ ಚಿಕ್ಕಮ್ಮ ಮೊಬೈಲ್ ನಿಲ್ಲಿಸುವ ಸ್ಟ್ಯಾಂಡ್ ತರಿಸಿಕೊಂಡರು. ಆಮೇಲೆ ನನ್ನನ್ನು ತೋರಿಸಿ, ಬಾಗಿಲು ತೋರಿಸಿ, ಮುಂದಿನ ಸಲ ನೀನು ಹೊರಗೆ ಕೂತಿರು ಅಂದರು.