ನಾಲ್ಕು ಕರಿಗೋಟು

ಬದಿಯಡ್ಕದ ಕಡೆ ಆಟಿ ತಿಂಗಳ ಮಳೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ತೋಟಕ್ಕೆ ಇಳಿಯುವಂತಿಲ್ಲ, ಕರೆಂಟೂ ಇಲ್ಲ. ಕಳೆದ ವರ್ಷ ಅಂಥದ್ದೇ ಒಂದು ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಚಾಪೆ ಹಾಸಿ ಆರು ಜನ ಕೂತೆವು. ಮಾಮೂಲಿಯಾದರೆ ಇಪ್ಪತ್ತೆಂಟು ಅನ್ನುವ ಇಸ್ಪೀಟಾಟ ಆಡುತ್ತೇವೆ. ಆ ದಿನ ಕ್ಯಾಲಿಫೋರ್ನಿಯಾದಿಂದ ರಜೆಗೆ ಬಂದ ಭಾವ ಇದ್ದರು. ಹೋಲ್ಡೆಮ್ ಪೋಕರ್ ಕಲಿಸಿಕೊಡಿ ಅಂತ ನಾನೇ ಗಂಟುಬಿದ್ದೆ. ಅಲ್ಲಿನ ಕಾರ್ಡ್ ರೂಮುಗಳಲ್ಲಿ ಎರಡು–ನಾಲ್ಕು ಡಾಲರಿನ ಲಿಮಿಟ್ ಟೇಬಲ್‌ಗಳಲ್ಲಿ ಅವರು ಸುಮಾರು ಆಡಿದ್ದಾರೆ.

ದುಡ್ಡಿಗೆ ಆಡುವುದು ನಮ್ಮ ಮನೆಯಲ್ಲಿ ಇಲ್ಲ. ಅಟ್ಟದಿಂದ ಕರಿಗೋಟಿನ (ಕಡಿಮೆ ದರ್ಜೆಯ ಅಡಿಕೆಯ) ಚೀಲ ಇಳಿಸಿ ತಲಾ 60 ಅಡಿಕೆ ಎಣಿಸಿಕೊಂಡೆವು.

ಆಟ ಇಷ್ಟೇ. ಪ್ರತಿಯೊಬ್ಬರಿಗೂ ಎರಡು ಎಲೆ ಕವುಚಿ ಕೊಡುತ್ತಾರೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ: ಮೊದಲು ಮೂರು ಒಟ್ಟಿಗೆ, ಅದು ಫ್ಲಾಪ್. ಆಮೇಲೆ ಒಂದು, ಟರ್ನ್. ಕೊನೆಗೆ ಇನ್ನೊಂದು, ರಿವರ್. ಲಿಮಿಟ್ ಆಟದಲ್ಲಿ ಎಷ್ಟು ಹಾಕಬೇಕು ಅನ್ನುವುದು ಮೊದಲೇ ಗೊತ್ತು. ನಮ್ಮದರಲ್ಲಿ ಮೊದಲ ಎರಡು ಸುತ್ತಿಗೆ 2 ಅಡಿಕೆ, ಕೊನೆಯ ಎರಡಕ್ಕೆ 4. ಒಂದು ಸುತ್ತಿನಲ್ಲಿ ಒಂದು ಬೆಟ್ (ಮೊದಲು ಪಣ ಹಾಕುವುದು), ಮೂರು ರೈಸ್ (ಅದನ್ನು ಏರಿಸುವುದು), ಅಲ್ಲಿಗೆ ಮುಗಿಯಿತು. ಇದ್ದದ್ದನ್ನೆಲ್ಲ ಒಟ್ಟಿಗೆ ದೂಡಿ ಎದುರಿನವರನ್ನು ಹೆದರಿಸುವ ಆಟ ಇದಲ್ಲ.

ನನಗೆ ಹಿಡಿಯದೇ ಹೋದದ್ದು ಅದೇ. ಇಪ್ಪತ್ತೆಂಟರಲ್ಲಿ ದೊಡ್ಡ ಸಂಖ್ಯೆ ಕೂಗಿದರೆ ಉಳಿದವರು ಸುಮ್ಮನಾಗುತ್ತಾರೆ. ಆ ಅಭ್ಯಾಸ ಕೈಯಲ್ಲಿತ್ತು. ಎಕ್ಕ–ರಾಜ ಬಂದ ಕೂಡಲೇ ರೈಸ್ ಮಾಡಿದೆ. ಐದೂ ಜನ ಅಷ್ಟೇ ಹಾಕಿ ಬಂದರು. ಫ್ಲಾಪ್‌ನಲ್ಲಿ ಒಂಬತ್ತು, ಏಳು, ನಾಲ್ಕು. ನನಗೆ ಏನೂ ಹತ್ತಲಿಲ್ಲ. ಆದರೂ ಬೆಟ್ ಹಾಕಿದೆ, ಟರ್ನ್‌ನಲ್ಲಿ ಮತ್ತೆ ಹಾಕಿದೆ. ಚಿಕ್ಕಪ್ಪ ಏಳರ ಜೋಡಿ ಹಿಡಿದುಕೊಂಡು ಕೊನೆಯವರೆಗೂ ಬಂದರು, ಗೆದ್ದರು.

“ಏಳರ ಜೋಡಿ ಇಟ್ಟುಕೊಂಡು ಎಂತಕ್ಕೆ ಬಂದದ್ದು ಚಿಕ್ಕಪ್ಪ?”

“ನೋಡುವ ಅಂತ ಬಂದೆ ಮಾರಾಯ.”

ಭಾವ ನಡುವಿನ ರಾಶಿ ತೋರಿಸಿದರು. “ನೀನು ಟರ್ನ್‌ನಲ್ಲಿ ಬೆಟ್ ಹಾಕುವಾಗ ಇಲ್ಲಿ 36 ಅಡಿಕೆ ಆಗಿತ್ತು. ಅವರಿಗೆ ನೋಡಲಿಕ್ಕೆ 4 ಸಾಕು. ಯಾರು ಬಿಟ್ಟು ಹೋಗ್ತಾರೆ ಹೇಳು. ಇಲ್ಲಿ ಓಡಿಸಲಿಕ್ಕೆ ಅಂತ ಹಾಕಬೇಡ. ಅವರು ಬರ್ತಾರೆ ಅಂತ ಗೊತ್ತಿದ್ದೇ ಹಾಕು.”

ಆಮೇಲೆ ನಾನು ಪೂರಾ ತಣ್ಣಗಾದೆ. ರಾಜನ ಜೋಡಿ ಬಂತು, ಜತೆಗೆ ರಾಣಿ. ರಿವರ್‌ನಲ್ಲಿ ಚಿಕ್ಕಮ್ಮ, ಅತ್ತಿಗೆ ಇಬ್ಬರೂ ಚೆಕ್ ಅಂದರು, ಅಂದರೆ ಏನೂ ಹಾಕದೆ ಮಾತು ದಾಟಿಸಿದರು. ಕೊನೆಯ ಮಾತು ನನ್ನದು. ನಾನೂ ಚೆಕ್ ಅಂದೆ. ಅತ್ತಿಗೆಯ ಹತ್ತಿರ ರಾಜ–ಐದು, ಚಿಕ್ಕಮ್ಮನ ಹತ್ತಿರ ಗುಲಾಮನ ಜೋಡಿ. ರಾಶಿ ನನಗೇ ಬಂತು, ಖುಷಿಯಾಯಿತು.

“ಎಂಟು ಅಡಿಕೆ ಬಿಟ್ಟೆಯಲ್ಲ ಭಾವ,” ಅಂದರು ಅವರು. (ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಅಂತಲೇ ಕರೆಯುವುದು.) ಹೌದಲ್ವಾ, ನಾನು ನಾಲ್ಕು ಹಾಕಿದ್ದರೆ ಇಬ್ಬರೂ ತಲಾ ನಾಲ್ಕು ಕೊಡುತ್ತಿದ್ದರು. ಸೋತ ಅಡಿಕೆ ಕಣ್ಣಿಗೆ ಕಾಣುತ್ತದೆ. ಬಾರದೇ ಹೋದದ್ದು ಕಾಣುವುದಿಲ್ಲ. ಈ ಮಾತು ನನ್ನನ್ನು ಎಷ್ಟು ಕಾಡಿತು ಅಂದರೆ ಹಲಸಿನ ಹಪ್ಪಳ ಬಂದದ್ದೂ ಗೊತ್ತಾಗಲಿಲ್ಲ.

ಹಪ್ಪಳದ ಎಣ್ಣೆ ಎಲೆಗೆ ಹತ್ತಬಾರದು ಅಂತ ಚಿಕ್ಕಮ್ಮ ಎಲ್ಲರಿಗೂ ಒಂದೊಂದು ಬಟ್ಟೆತುಂಡು ಕೊಟ್ಟರು. ಕೈ ಒರೆಸಿ ಎಲೆ ಎತ್ತಿ ನೋಡಿದರೆ ಕಳಾವರ ಎಕ್ಕ, ಕಳಾವರ ಎಂಟು. ಹಂಚುವ ಸರದಿ ನನ್ನದು, ಹಾಗಾಗಿ ಫ್ಲಾಪ್‌ನಿಂದ ಮುಂದೆ ಪ್ರತಿ ಸುತ್ತಿನಲ್ಲೂ ಕೊನೆಯ ಮಾತು ನನಗೆ. ಭಾವ ಎಲೆ ಎಸೆದರು. ಉಳಿದ ಐದು ಜನ ತಲಾ 2 ಹಾಕಿದೆವು. ಫ್ಲಾಪ್: ಕಳಾವರ ರಾಜ, ಕಳಾವರ ಆರು, ಆಟೀನು ಗುಲಾಮ. ಇನ್ನೊಂದು ಕಳಾವರ ಬಂದರೆ ನನ್ನ ಫ್ಲಶ್ (ಒಂದೇ ಜಾತಿಯ ಐದು ಎಲೆ) ಆಗುತ್ತದೆ. ಈಗ ಮಾತ್ರ ಕೈಯಲ್ಲಿ ಏನೂ ಇಲ್ಲ. ಚಿಕ್ಕಮ್ಮ ಬೆಟ್ ಹಾಕಿದರು. ಚಿಕ್ಕಪ್ಪ ಬಂದರು, ಅತ್ತಿಗೆ ಬಿಟ್ಟರು, ಪಕ್ಕದ ಮನೆಯ ಹುಡುಗ ಬಂದ.

ಸುಮ್ನೆ ಕಾಲ್ ಮಾಡುವ, ಅಂದರೆ ಅವರು ಹಾಕಿದಷ್ಟೇ ಹಾಕುವ ಅಂತ ಎರಡು ಅಡಿಕೆ ಎತ್ತಿದ್ದೆ. ಆಗ ಭಾವ ಹಿಂದೆ ಹೇಳಿದ ಲೆಕ್ಕ ನೆನಪಾಯಿತು. ಕಾಣದ ಎಲೆ 47, ಅದರಲ್ಲಿ ಕಳಾವರ 9. ಮುಂದೆ ಬರುವ ಎರಡು ಎಲೆಯಲ್ಲಿ ಒಂದಾದರೂ ಕಳಾವರ ಆಗುವುದು ನೂರಕ್ಕೆ ಸುಮಾರು 35 ಸಲ. ಈ ಸುತ್ತಿನಲ್ಲಿ ಇರುವುದು ನಾಲ್ಕು ಜನ, ಅಂದರೆ ಬೀಳುವ ಪ್ರತಿ ಅಡಿಕೆಯಲ್ಲಿ ನನ್ನ ಪಾಲು ನೂರಕ್ಕೆ 25 ಮಾತ್ರ. ಕೊಡುವುದು ಕಾಲು ಪಾಲು, ಗೆಲ್ಲುವುದು ಮೂರನೇ ಒಂದಕ್ಕಿಂತ ಜಾಸ್ತಿ. ಎದುರಿಗೆ ಒಬ್ಬರೇ ಇದ್ದಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ. ಜನ ಇರುವುದರಿಂದಲೇ ನಿಲ್ಲುತ್ತದೆ. ನಾನು ಇಷ್ಟು ಹೊತ್ತು ಓಡಿಸಲು ನೋಡಿದ್ದು ಇದೇ ಜನರನ್ನು.

ನಾಲ್ಕು ಹಾಕಿ ರೈಸ್ ಅಂದೆ. ಮೂವರೂ ಬಂದರು. ನಡುವೆ 26.

ಟರ್ನ್ ಡೈಮಂಡ್ ಎರಡು. ಏನೂ ಆಗಲಿಲ್ಲ. ಆದರೆ ನನ್ನ ರೈಸ್ ನೋಡಿದವರೆಲ್ಲ ಚೆಕ್ ಅಂದರು, ನಾನೂ ಚೆಕ್ ಅಂದೆ. ಕೊನೆಯ ಎಲೆ ಒಂದು ಅಡಿಕೆಯ ಖರ್ಚಿಲ್ಲದೆ ಸಿಕ್ಕಿತು. ಫ್ಲಾಪ್‌ನಲ್ಲಿ ಎರಡು ಹೆಚ್ಚು ಕೊಟ್ಟದ್ದಕ್ಕೆ ಇಲ್ಲಿ ನಾಲ್ಕು ಉಳಿಯಿತು. ರಿವರ್ ಕಳಾವರ ಮೂರು! ಚಿಕ್ಕಮ್ಮ ಬೆಟ್, ಚಿಕ್ಕಪ್ಪ ಕಾಲ್, ಹುಡುಗ ಬಿಟ್ಟ. ನಾನು ರೈಸ್. ಇಬ್ಬರೂ ಬಂದರು. 50 ಕರಿಗೋಟನ್ನು ಎರಡೂ ಕೈಯಲ್ಲಿ ಬಾಚಿ ಎಳೆದುಕೊಂಡೆ. ಆ ಗಲಗಲ ಸದ್ದು ಈಗಲೂ ಕಿವಿಯಲ್ಲಿದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕೊನೆಯ ಆಟ. ಮತ್ತೆ ರಾಜ–ರಾಣಿ, ನಡುವೆ ರಾಜ. ರಿವರ್‌ನಲ್ಲಿ ಚಿಕ್ಕಪ್ಪ, ಹುಡುಗ ಇಬ್ಬರೂ ಚೆಕ್. ನನ್ನ ಬೆರಳು ಚಾಪೆ ತಟ್ಟಿ ಚೆಕ್ ಅನ್ನಲು ಹೊರಟಿತ್ತು. ತಡೆದೆ. ಇವರು ಬಂದರೆ ಅರ್ಧಕ್ಕಿಂತ ಜಾಸ್ತಿ ಸಲ ನನ್ನದೇ ಮೇಲಾ? ಚಿಕ್ಕಪ್ಪ ಏಳರ ಜೋಡಿಗೂ ಬರುತ್ತಾರೆ, ಹತ್ತರ ಜೋಡಿಗೂ ಬರುತ್ತಾರೆ. ಹೌದು, ನನ್ನದೇ ಮೇಲು. ನಾಲ್ಕು ಕರಿಗೋಟನ್ನು ಒಂದೊಂದಾಗಿ ಮುಂದೆ ಇಟ್ಟೆ.

ಹುಡುಗ ಬಿಟ್ಟ. ಚಿಕ್ಕಪ್ಪ ಕಾಲ್ ಮಾಡಿ ಎಲೆ ಬಿಚ್ಚಿದರು: ಒಂಬತ್ತು ಮತ್ತು ನಾಲ್ಕು, ಎರಡೂ ಜೋಡಿ ಆಗಿತ್ತು. ರಾಶಿ ಅವರಿಗೆ ಹೋಯಿತು.

ನಾನು ಭಾವನ ಮುಖ ನೋಡಿದೆ.

“ಸರಿಯಾಗಿಯೇ ಹಾಕಿದ್ದು,” ಅಂದರು. “ನಾಳೆಯೂ ಹಾಕು.”

ಚಿಕ್ಕಮ್ಮ ಎಲೆ ಒಟ್ಟು ಮಾಡುತ್ತಿದ್ದರು. ನಾನು ಚೀಲದ ಬಾಯಿ ಬಿಡಿಸಿ ಹಿಡಿದೆ, ಚಿಕ್ಕಪ್ಪ ಕರಿಗೋಟು ಎಣಿಸಿ ಹಾಕತೊಡಗಿದರು.