ಶೆಟ್ಟಿಹಳ್ಳಿಯಲ್ಲಿ ನೀರಿಳಿದಾಗ

ಮೂರು ದಿನ ಹಾಸನದ ಸುತ್ತ ಅಲೆದೆ. ಬೇಲೂರು, ಹಳೇಬೀಡುಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ನನ್ನ ಮನಸ್ಸು ಮಾತ್ರ ಶೆಟ್ಟಿಹಳ್ಳಿಯಲ್ಲೇ ಉಳಿದುಬಿಟ್ಟಿದೆ.

1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಜಪಮಾಲೆ ಮಾತೆಯ, ಅಂದರೆ ಯೇಸುವಿನ ತಾಯಿ ಮರಿಯಳ, ಚರ್ಚ್ ಇಲ್ಲಿದೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಊರು ಹಿನ್ನೀರಿನ ಪಾಲಾಯಿತು, ಜನ ಬೇರೆಡೆ ನೆಲೆಯಾದರು. ಮಳೆಗಾಲದಲ್ಲಿ ಅರ್ಧ ಮುಳುಗುವ ಕಟ್ಟಡದೊಳಗೆ ಮೇ ತಿಂಗಳಾದ್ದರಿಂದ ನಡೆದೇ ಹೋದೆ. ಸೂರಿಲ್ಲ. ಗೋಡೆಯ ಮೇಲೆ ನೀರು ನಿಂತ ಗೆರೆಗಳು ಒಂದರ ಮೇಲೊಂದು.

ಚಪ್ಪಲಿಯಲ್ಲಿ ಹೋಗಬೇಡಿ, ಬೂಟು ಹಾಕಿಕೊಳ್ಳಿ. ಯಾರೋ ಕುಡಿದು ಒಡೆದ ಬಾಟಲಿಯ ಚೂರು ನನ್ನ ಹಿಮ್ಮಡಿಗೆ ಹೊಕ್ಕಿತು. ಜನ ಮಂಡಿಯೂರಿದ್ದ ನೆಲದಲ್ಲಿ ಬಾಟಲಿ ಒಡೆಯಲು ಮನಸ್ಸಾದರೂ ಹೇಗೆ ಬರುತ್ತದೆ? ಆ ಸಿಟ್ಟು ಇನ್ನೂ ಇಳಿದಿಲ್ಲ.

ಅಲ್ಲೇ ಒಬ್ಬ ಹಿರಿಯರು ಗಾಜು ಆಯ್ದು ಚೀಲಕ್ಕೆ ತುಂಬುತ್ತಿದ್ದರು. ನನ್ನ ಕಾಲಿಗೆ ತಮ್ಮ ಟವೆಲ್ಲನ್ನೇ ಹರಿದು ಕಟ್ಟಿದರು. ಅವರಿಗೆ ಜ್ಞಾನಸ್ನಾನ, ಅಂದರೆ ಕ್ರೈಸ್ತ ದೀಕ್ಷೆ, ಆದದ್ದು ಇದೇ ಗೋಡೆಗಳ ನಡುವೆ.

"ನಿಮ್ಮ ಚರ್ಚ್ ಹೀಗಾಯಿತಲ್ಲ" ಎಂದೆ.

"ಇದು ದೇವಾಲಯ, ಕಟ್ಟಡ. ಧರ್ಮಸಭೆ ಅಂದರೆ ನಾವು" ಎಂದರು. ತಡೆದು, "ನಮ್ಮ ಅಜ್ಜಿ ಸತ್ತು ಎಷ್ಟೋ ವರ್ಷವಾಯಿತು. ಅವಳೂ ಸಭೆಯಲ್ಲೇ ಇದ್ದಾಳೆ. ಅವಳಿಗಾಗಿ ನಾವು ಪ್ರಾರ್ಥಿಸುತ್ತೇವೆ" ಎಂದರು.

ಎಷ್ಟೋ ಚರ್ಚುಗಳ ಫೋಟೊ ತೆಗೆದ ನನಗೆ 'ದೇವಾಲಯ', 'ಧರ್ಮಸಭೆ' ಎಂಬ ಈ ಎರಡು ಮಾತುಗಳ ಅಂತರ ಅದುವರೆಗೆ ಹೊಳೆದೇ ಇರಲಿಲ್ಲ. ಬೈಬಲಿನ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವ 'ಎಕ್ಲೇಸಿಯ' ಎಂಬ ಪದಕ್ಕೆ ಜನರ ಕೂಟ ಎಂದೇ ಅರ್ಥ. ಅದೇ ಪದ ಪೋರ್ಚುಗೀಸರ ಬಾಯಲ್ಲಿ ಹಾದು ಕೊಂಕಣಿಗೆ 'ಇಗರ್ಜಿ'ಯಾಗಿ ಬಂದು ಕಟ್ಟಡಕ್ಕೆ ಅಂಟಿಕೊಂಡಿತು. ನಮ್ಮ ಕನ್ನಡದ ಕಥೋಲಿಕರು 'ಸಭೆ' ಎಂಬ ಮಾತನ್ನು ಜನರಿಗಾಗಿಯೇ ಉಳಿಸಿಕೊಂಡಿದ್ದಾರೆ. ಇಬ್ಬರು ಮೂವರು ತನ್ನ ಹೆಸರಿನಲ್ಲಿ ಕೂಡಿದಲ್ಲಿ ತಾನಿರುತ್ತೇನೆ ಎಂದು ಯೇಸು ಹೇಳಿದ್ದನ್ನು ಆ ಹಿರಿಯರು ನೆನಪಿಸಿದರು. ಯೇಸುವಿನ ಶಿಷ್ಯ ಪೇತ್ರನ ಪತ್ರದಲ್ಲಿ ವಿಶ್ವಾಸಿಗಳನ್ನೇ 'ಜೀವವುಳ್ಳ ಕಲ್ಲುಗಳು' ಎಂದಿರುವುದನ್ನೂ ಹೇಳಿದರು, ಬಿರುಕು ಬಿಟ್ಟ ಕಂಬದ ಮೇಲೆ ಕೈಯಿಟ್ಟು.

"ಹಾಗಾದರೆ ಈ ಗಾಜನ್ನೇಕೆ ಆಯುತ್ತೀರಿ?"

"ತಾಯಿ ಬಿಟ್ಟುಹೋದ ಮನೆಯನ್ನು ಗುಡಿಸುವುದಿಲ್ಲವೇ?"

ಹೊತ್ತು ಇಳಿಯುತ್ತಿತ್ತು. ಅವರು ಚೀಲದ ಬಾಯಿ ಕಟ್ಟಿ ಅವಸರದಿಂದ ಎದ್ದರು. ಮೇ ಮಾತೆ ಮರಿಯಳ ತಿಂಗಳು. ಸಂಜೆಯ ಜಪಮಾಲೆ ಪ್ರಾರ್ಥನೆ ದಿನಕ್ಕೊಂದು ಮನೆಯಲ್ಲಿ.

"ಇವತ್ತು ನಮ್ಮ ಮನೆಯ ಸರದಿ" ಎಂದರು. "ಚಾಪೆ ಹಾಸಬೇಕು."