ಝಾವ್ ವೂ-ಕಿ: ಓದಲಾಗದ ಅಕ್ಷರ, ತಿದ್ದಲಾಗದ ಮಸಿ

ಬೀಜಿಂಗ್‌ನಲ್ಲಿ 1920ರಲ್ಲಿ ಹುಟ್ಟಿ ಹಾಂಗ್‌ಝೌನಲ್ಲಿ ಕಲಿತ ಚಿತ್ರಕಲಾವಿದ ಝಾವ್ ವೂ-ಕಿ 1948ರಲ್ಲಿ ಪ್ಯಾರಿಸ್ ಸೇರಿದರು. ಅಲ್ಲಿ ‘ಚೀನೀ ಶೈಲಿ’ ಎಂಬ ಹಣೆಪಟ್ಟಿ ಬೇಡವೆಂದು ಮಸಿಯನ್ನು ದೂರವಿಟ್ಟು ಎಣ್ಣೆಬಣ್ಣ ಹಿಡಿದರು. 1954ರ ಹೊತ್ತಿಗೆ ಪ್ರಾಚೀನ ಚೀನಾದ ಶಾಂಗ್ ರಾಜವಂಶದ ಕಾಲದ ಮೂಳೆಬರಹ ನೆನಪಿಸುವ ಗೀಟುಗಳು ಕ್ಯಾನ್ವಾಸಿಗೆ ಬಂದವು. ಓದಲು ಹೋದರೆ ಅರ್ಥ ಸಿಗದು. ಅದೇ ಅವುಗಳ ಸೊಗಸು. ಮಸಿಗೆ ಅವರು ಮರಳಿದ್ದು 1970ರ ದಶಕದಲ್ಲಿ.

ಮಸಿಯಲ್ಲಿ ಅಮೂರ್ತ ಚಿತ್ರ ಬರೆಯುವ ಈ ದಾರಿ ಹಿಡಿಯುವವರು ಮೊದಲು ಕಾಗದ ನೋಡಬೇಕು. ಪಟಿಕದ ಲೇಪವಿಲ್ಲದ, ‘ಹಸಿ ಶ್ವಾನ್’ ಎಂಬ ಚೀನೀ ಕಾಗದ ಮಸಿಯನ್ನು ತಕ್ಷಣ ಹೀರುತ್ತದೆ, ಅಳಿಸುವ ಮಾತೇ ಇಲ್ಲ. ಕಾಗದದ ಕೆಳಗೆ ಉಣ್ಣೆಯ ಹಾಸು ಇರಲಿ. ಬರೀ ಮೇಜಿನ ಮೇಲೆ ಕಾಗದ ಅಂಟಿಕೊಂಡು ಕಲೆಯಾಗುತ್ತದೆ. ನೀರಿನಲ್ಲಿ ತೇಯ್ದು ಬಳಸುವ ಮಸಿಕಡ್ಡಿ ಎಂದರೆ ಹೊಗೆಯ ಕಾಡಿಗೆ ಮತ್ತು ಪ್ರಾಣಿಜನ್ಯ ಅಂಟು. ಆ ಅಂಟು ನಾರನ್ನು ಮುಚ್ಚುವುದರಿಂದ ಮೊದಲ ಗೀಟಿನ ಮೇಲೆ ಎಳೆದ ಎರಡನೆಯದು ಅದರ ಕೆಳಗೆ ನುಸುಳಿದಂತೆ ಕಾಣುತ್ತದೆ! ಆದ್ದರಿಂದ ಮೇಲೆ ಕಾಣಬೇಕಾದ ಗೀಟನ್ನೇ ಮೊದಲು ಎಳೆಯಿರಿ. ತೇಯ್ದು ರಾತ್ರಿಯಿಡೀ ಇಟ್ಟ ಮಸಿಯಲ್ಲಿ ಅಂಟು ಕೆಟ್ಟು ಕಣಗಳು ಗುಂಪಾಗುತ್ತವೆ: ನಡುವೆ ಕಪ್ಪು, ಸುತ್ತ ತಿಳಿನೀರಿನ ಅಂಚು. ಅಮೂರ್ತಕ್ಕೆ ಇದು ಚೆಂದವೇ. ಆದರೆ ಹಿಂಬದಿಗೆ ಗಂಜಿ ಬಳಿದು ಕಾಗದ ಅಂಟಿಸುವಾಗ ಅಂಥ ಮಸಿಯೇ ಮೊದಲು ಹರಡುತ್ತದೆ.